ಗೆಳೆಯರ ಜೊತೆ ಹಳ್ಳಿ ರಸ್ತೆಗಳಲ್ಲಿ ದೂರದ ಬೈಕ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಗುಂಪಿನಲ್ಲಿ ಹೊರಡುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಇರುತ್ತವೆ. ಪ್ರತಿ ಸಲ ಹೊಸದಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಇದು ಹೈವೇ ಓಟದ ಬಗ್ಗೆ ಅಲ್ಲ. ಎರಡು ಗಾಡಿ ಎದುರಾದರೆ ಒಂದು ಪಕ್ಕಕ್ಕೆ ಸರಿಯಬೇಕಾದಂಥ ಸಣ್ಣ ರಸ್ತೆಗಳಲ್ಲಿ, ನಾಲ್ಕಾರು ಗೆಳೆಯರ ಜೊತೆ, ದಿನಗಟ್ಟಲೆ ಹೋಗುವುದರ ಬಗ್ಗೆ.

ದಿನಕ್ಕೆ ಎಷ್ಟು ಕಿಲೋಮೀಟರ್ ಹೋಗಬಹುದು?

ಕಿಲೋಮೀಟರ್ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಾಕಿ. ಹಳ್ಳಿ ರಸ್ತೆಯಲ್ಲಿ ಮೀಟರ್ 60 ತೋರಿಸುತ್ತಿದ್ದರೂ, ತಿರುವು, ಗುಂಡಿ, ದನ, ಪೆಟ್ರೋಲು, ನೀರು ಅಂತ ಎಲ್ಲ ಸೇರಿದರೆ ಸರಾಸರಿ 40ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ದಿನಕ್ಕೆ ಆರೇಳು ಗಂಟೆ ಸೀಟಿನ ಮೇಲೆ ಕೂತರೆ 250 ಕಿಲೋಮೀಟರ್ ಆಗುತ್ತದೆ. ಅಷ್ಟು ಸಾಕು. 300 ದಾಟಿದರೆ ಸಂಜೆಗೆ ಯಾರ ಮುಖದಲ್ಲೂ ನಗು ಇರುವುದಿಲ್ಲ.

24 ಗಂಟೆಯಲ್ಲಿ 1000 ಮೈಲಿ, ಅಂದರೆ ಸುಮಾರು 1600 ಕಿಲೋಮೀಟರ್ ಓಡಿಸಿದವರಿಗೆ ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಪ್ರಮಾಣಪತ್ರ ಕೊಡುತ್ತದೆ. ಆ ಸಾಧನೆ ಬಗ್ಗೆ ನನಗೆ ಗೌರವ ಇದೆ. ಆದರೆ ಅದು ದೊಡ್ಡ ರಸ್ತೆಯ ಆಟ, ಒಬ್ಬೊಬ್ಬರೇ ಆಡುವ ಆಟ. ಅದನ್ನು ನೋಡಿಕೊಂಡು ಸಣ್ಣ ರಸ್ತೆಯ ಪ್ಲಾನ್ ಮಾಡಬೇಡಿ.

ಇನ್ನೊಂದು ಮಾತು. ಮೊದಲ ದಿನ ಕಡಿಮೆ ಇಟ್ಟುಕೊಳ್ಳಿ. ಹೊರಡುವುದು ಯಾವಾಗಲೂ ತಡ ಆಗುತ್ತದೆ, ಯಾರದ್ದಾದರೂ ಒಂದು ಬ್ಯಾಗ್ ಸಡಿಲ ಆಗಿಯೇ ಆಗುತ್ತದೆ.

ನನ್ನದು ಚಿಕ್ಕ ಬೈಕ್. ಗೆಳೆಯರದ್ದೆಲ್ಲ ದೊಡ್ಡವು. ಬರಬಹುದಾ?

ಖಂಡಿತ ಬನ್ನಿ. ಸಣ್ಣ ರಸ್ತೆಯಲ್ಲಿ 150 ಸಿಸಿ ಬೈಕಿಗೂ 650 ಸಿಸಿ ಬೈಕಿಗೂ ಇರುವ ವ್ಯತ್ಯಾಸ ನೀವು ಅಂದುಕೊಂಡಷ್ಟು ಇಲ್ಲ. ಹಗುರ ಬೈಕನ್ನು ಜಲ್ಲಿ ಮೇಲೆ ಸಂಭಾಳಿಸುವುದು ಸುಲಭ, ಬಿದ್ದರೆ ಒಬ್ಬರೇ ಎತ್ತಬಹುದು. ಗುಂಪು ಎರಡು ವಿಷಯಕ್ಕೆ ಒಪ್ಪಿಕೊಂಡರೆ ಆಯಿತು. ವೇಗ ನಿಧಾನದ ಬೈಕಿನದ್ದು. ಪೆಟ್ರೋಲ್ ನಿಲುಗಡೆ ಚಿಕ್ಕ ಟ್ಯಾಂಕಿನದ್ದು. ಒಬ್ಬರ ಟ್ಯಾಂಕ್ 200 ಕಿಲೋಮೀಟರಿಗೆ ಖಾಲಿ ಆಗುವುದಾದರೆ 150ಕ್ಕೇ ಎಲ್ಲರೂ ನಿಂತು ತುಂಬಿಸಿಕೊಳ್ಳಬೇಕು. ಎಲ್ಲರೂ ಅಂದರೆ ಎಲ್ಲರೂ. "ನಂದು ಇನ್ನೂ ಅರ್ಧ ಇದೆ" ಅಂದವರೇ ಮುಂದಿನ ಮೂವತ್ತು ಕಿಲೋಮೀಟರಿಗೆ ಇನ್ನೊಂದು ಸಲ ನಿಲ್ಲಿಸುತ್ತಾರೆ.

ಗುಂಪಿನಲ್ಲಿ ಎಷ್ಟು ಜನ ಇರಬೇಕು?

ನಾಲ್ಕರಿಂದ ಆರು. ಎಂಟು ಜನ ಆದರೆ ಎರಡು ಗುಂಪು ಮಾಡಿಕೊಂಡು ಹತ್ತು ನಿಮಿಷದ ಅಂತರದಲ್ಲಿ ಹೊರಡಿ, ಊಟದ ಹೊತ್ತಿಗೆ ಸೇರಿಕೊಳ್ಳಿ. ದೊಡ್ಡ ಗುಂಪು ಫೋಟೋದಲ್ಲಿ ಮಾತ್ರ ಚೆಂದ.

ಮುಂದೆ ಯಾರು, ಹಿಂದೆ ಯಾರು?

ಮುಂದೆ ಹೋಗುವವರು ಲೀಡ್, ಕೊನೆಯಲ್ಲಿ ಬರುವವರು ಸ್ವೀಪ್. ಲೀಡ್‌ಗೆ ದಾರಿ ಗೊತ್ತಿರಬೇಕು, ಕನ್ನಡಿ ನೋಡುವ ಅಭ್ಯಾಸ ಇರಬೇಕು. ಸ್ವೀಪ್ ಗುಂಪಿನಲ್ಲೇ ಅನುಭವಿ ಆಗಿರಬೇಕು, ಟೂಲ್ ಕಿಟ್ ಮತ್ತು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಅವರ ಹತ್ತಿರವೇ ಇರಬೇಕು. ಏಕೆಂದರೆ ಕೆಟ್ಟು ನಿಂತವರ ಹತ್ತಿರ ಬಂದು ಸೇರುವವರು ಅವರೇ. ದೂರದಿಂದಲೇ ಗುರುತು ಸಿಗುವ ಹಾಗೆ ಅವರಿಗೊಂದು ಹೊಳೆಯುವ ಜಾಕೆಟ್ ಹಾಕಿಸಿ.

ಹೊಸಬರು ಲೀಡ್‌ನ ಹಿಂದೆಯೇ, ಎರಡನೇ ಜಾಗದಲ್ಲಿ ಇರಲಿ. ಅವರನ್ನು ಹಿಂದೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಮುಂದಿನವರು ಒಂದು ಲಾರಿ ದಾಟಿ ಸ್ವಲ್ಪ ವೇಗ ಹೆಚ್ಚಿಸಿದರೆ, ಎರಡನೆಯವರು ಅವರನ್ನು ಹಿಡಿಯಲು ಇನ್ನೂ ಸ್ವಲ್ಪ ಹೆಚ್ಚಿಸುತ್ತಾರೆ, ಮೂರನೆಯವರು ಅದಕ್ಕಿಂತ ಜಾಸ್ತಿ. ರಬ್ಬರ್ ಬ್ಯಾಂಡ್ ಎಳೆದ ಹಾಗೆ. ಕೊನೆಗೆ, ಎಲ್ಲರಿಗಿಂತ ಕಡಿಮೆ ಅನುಭವ ಇರುವವರು ಎಲ್ಲರಿಗಿಂತ ವೇಗವಾಗಿ ಓಡಿಸುತ್ತಿರುತ್ತಾರೆ. ಎರಡನೇ ಜಾಗದಲ್ಲಿದ್ದರೆ ಲೀಡ್‌ನ ಕನ್ನಡಿಯಲ್ಲಿ ಅವರು ಸದಾ ಕಾಣಿಸುತ್ತಾರೆ, ವೇಗ ತಾನಾಗಿಯೇ ಅವರಿಗೆ ಹೊಂದುತ್ತದೆ.

ದಾರಿಯಲ್ಲಿ ಗುಂಪು ಚದುರಿದರೆ ಏನು ಮಾಡುವುದು?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ನನ್ನ ಪ್ರಕಾರ ಗುಂಪು ಪ್ರವಾಸ ಅಂದರೆ ಇದೇ.

ವರ್ಷಗಳ ಹಿಂದೆ ಒಂದು ಪ್ರವಾಸದಲ್ಲಿ ನಾನೇ ಲೀಡ್ ಇದ್ದೆ. ಐದು ಬೈಕ್. ಒಂದು ಕವಲಿನಲ್ಲಿ ತಿರುಗಿದೆ, ಕನ್ನಡಿಯಲ್ಲಿ ಎರಡು ಲೈಟ್ ಕಂಡವು, ಉಳಿದವರು ಹಿಂದೆ ಇದ್ದೇ ಇರುತ್ತಾರೆ ಅಂತ ಮುಂದುವರಿದೆ. ಇಪ್ಪತ್ತು ಕಿಲೋಮೀಟರ್ ಆದ ಮೇಲೆ ನಿಂತು ಎಣಿಸಿದರೆ ನಾಲ್ಕೇ ಬೈಕ್. ಫೋನ್ ಸಿಗ್ನಲ್ ಇಲ್ಲ. ವಾಪಸ್ ಹೋಗಿ ಹುಡುಕಿದಾಗ ಗೆಳೆಯ ಸಿಕ್ಕಿದ್ದು ಎರಡು ಗಂಟೆ ಆದ ಮೇಲೆ, ಕವಲಿನಿಂದ ನೇರ ಹೋದ ರಸ್ತೆಯಲ್ಲಿ, ಒಂದು ಮೋರಿ ಕಟ್ಟೆ ಮೇಲೆ ಹೆಲ್ಮೆಟ್ ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಹಿಂದಿನ ಚಕ್ರ ಪಂಕ್ಚರ್. ನೀರಿನ ಬಾಟಲಿ ಖಾಲಿ. ಅವನು ಬೈಯಲಿಲ್ಲ. "ಬರ್ತೀರಾ ಅಂತ ಗೊತ್ತಿತ್ತು" ಅಂದ. ಬೈದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

ಅಂದಿನಿಂದ ನಮ್ಮದು ಒಂದೇ ನಿಯಮ: ನಿಮ್ಮ ಹಿಂದೆ ಬರುವವರ ಜವಾಬ್ದಾರಿ ನಿಮ್ಮದು. ಯಾವುದೇ ಕವಲು ಬಂದರೆ ಹಿಂದಿನ ಬೈಕ್ ಕಾಣಿಸುವ ತನಕ ತಿರುಗಬಾರದು. ಅವರಿಗೆ ನೀವು ಯಾವ ಕಡೆ ಹೋದಿರಿ ಅಂತ ಕಾಣಿಸಿತು ಅಂತ ಖಾತ್ರಿ ಆದ ಮೇಲೆಯೇ ಹೊರಡಬೇಕು. ಎಲ್ಲರೂ ಇಷ್ಟು ಮಾಡಿದರೆ, ಕೊನೆಯವರು ನಿಂತ ಕೂಡಲೇ ಅವರ ಮುಂದಿನವರು ನಿಲ್ಲುತ್ತಾರೆ, ಅವರ ಮುಂದಿನವರು ನಿಲ್ಲುತ್ತಾರೆ, ಸ್ವಲ್ಪ ಹೊತ್ತಿಗೆ ಲೀಡ್‌ನವರೆಗೂ ಸುದ್ದಿ ಮುಟ್ಟಿದ ಹಾಗೆ. ಫೋನೂ ಬೇಡ, ಸಿಗ್ನಲೂ ಬೇಡ.

ಗುಂಪು ಸ್ವಲ್ಪ ದೊಡ್ಡದಿದ್ದರೆ ಇನ್ನೊಂದು ವಿಧಾನ ಇದೆ. ಕವಲು ಬಂದಾಗ ಲೀಡ್ ಕೈ ತೋರಿಸಿದ ಜಾಗದಲ್ಲಿ ಎರಡನೇ ಸವಾರ ನಿಲ್ಲುತ್ತಾರೆ. ಹಿಂದಿನವರಿಗೆಲ್ಲ ದಾರಿ ತೋರಿಸುತ್ತಾರೆ. ಸ್ವೀಪ್ ಬರುವುದು ಕಂಡ ಮೇಲೆ ಅವರ ಮುಂದೆ ಸೇರಿಕೊಳ್ಳುತ್ತಾರೆ. ಈಗ ಲೀಡ್ ಹಿಂದೆ ಇರುವವರು ಹೊಸ ಎರಡನೆಯವರು, ಮುಂದಿನ ಕವಲಿಗೆ ಅವರ ಸರದಿ. ಇದರಲ್ಲಿ ಯಾರೂ ಯಾರ ಬೆನ್ನಿಗೂ ಅಂಟಿಕೊಂಡು ಓಡಿಸಬೇಕಿಲ್ಲ, ನಿಮ್ಮ ಪಾಡಿಗೆ ನೀವು ನಿಮ್ಮ ವೇಗದಲ್ಲಿ ಬರಬಹುದು. ಒಂದೇ ಷರತ್ತು: ಸ್ವೀಪ್ ಬರುವ ತನಕ ನಿಂತ ಜಾಗ ಬಿಡಬಾರದು. ಹದಿನೈದು ನಿಮಿಷ ಆದರೂ ಸರಿ. ಹೊಸಬರು ಎರಡನೇ ಜಾಗದಲ್ಲಿದ್ದರೆ, ಕವಲಿನಲ್ಲಿ ನಿಲ್ಲುವ ಕೆಲಸ ಮೂರನೆಯವರಿಗೆ ಕೊಡಿ.

ಬೈಕ್‌ಗಳ ನಡುವೆ ಎಷ್ಟು ಅಂತರ ಬಿಡಬೇಕು?

ಕನಿಷ್ಠ ಎರಡು ಸೆಕೆಂಡು. ಮುಂದಿನ ಬೈಕ್ ಒಂದು ಕಂಬ ದಾಟಿದ ಕೂಡಲೇ ಮನಸ್ಸಿನಲ್ಲಿ "ಒಂದು ಸಾವಿರದ ಒಂದು, ಒಂದು ಸಾವಿರದ ಎರಡು" ಅಂತ ಎಣಿಸಿ. ಮುಗಿಯುವ ಮೊದಲೇ ಆ ಕಂಬ ನಿಮಗೆ ಸಿಕ್ಕಿತು ಅಂದರೆ ತೀರಾ ಹತ್ತಿರ ಇದ್ದೀರಿ. ಮಳೆ ಬಂದರೆ ನಾಲ್ಕು ಎಣಿಸಿ.

ಲೆಕ್ಕ ನೋಡಿ. ಗಂಟೆಗೆ 80ರಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತೀರಿ. ಅಪಾಯ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಸೆಕೆಂಡು ಕಳೆಯುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ನಿಲ್ಲಲು ಇನ್ನೂ 35 ಮೀಟರ್ ಬೇಕು. ಒಟ್ಟು ಹತ್ತಿರ ಹತ್ತಿರ 60 ಮೀಟರ್. 60ರ ವೇಗದಲ್ಲಿ ಅದೇ ಲೆಕ್ಕ 40ರ ಒಳಗೆ ಬರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕಿಗೆ ಬೇಕಾದ ದೂರ ನಾಲ್ಕು ಪಟ್ಟು, ಇದು ಭೌತಶಾಸ್ತ್ರ, ಚಕ್ರ ಕಚ್ಚಿಕೊಳ್ಳದ ಹಾಗೆ ತಡೆಯುವ ಎಬಿಎಸ್ ಬ್ರೇಕ್ ಕೂಡ ಇದನ್ನು ಬದಲಿಸುವುದಿಲ್ಲ.

ನೇರ ರಸ್ತೆಯಲ್ಲಿ ಒಬ್ಬರು ಲೇನಿನ ಈ ಬದಿ, ಇನ್ನೊಬ್ಬರು ಆ ಬದಿ ಅಂತ ಹಿಂದೆ ಮುಂದೆ ಆಗಿ ಹೋಗಬಹುದು. ತಿರುವು ಶುರು ಆದರೆ, ರಸ್ತೆ ಕಿರಿದಾದರೆ, ಕೆಟ್ಟು ಹೋಗಿದ್ದರೆ, ಒಂದೇ ಸಾಲು. ಅಕ್ಕಪಕ್ಕ ಜೋಡಿಯಾಗಿ ಮಾತ್ರ ಎಂದೂ ಬೇಡ. ಪಕ್ಕದವರು ಗುಂಡಿ ತಪ್ಪಿಸಿದರೆ ನಿಮ್ಮ ಮೇಲೆಯೇ ಬರುತ್ತಾರೆ.

ತಿರುವುಗಳಲ್ಲಿ ಭಯ ಆಗುತ್ತದೆ. ಗೆಳೆಯರು ಮಾಯ ಆಗಿಬಿಡುತ್ತಾರೆ.

ಮಾಯ ಆಗಲಿ ಬಿಡಿ. ಮುಂದಿನ ಕವಲಿನಲ್ಲಿ ಕಾದಿರುತ್ತಾರೆ, ಮೇಲೆ ಹೇಳಿದ್ದು ಅದಕ್ಕೇ ಅಲ್ವಾ.

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಬೇರೆ ವಾಹನ ಇಲ್ಲದೆ ಬೈಕ್ ಒಂದೇ ಬಿದ್ದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು ಸವಾರರ ತಪ್ಪಿನಿಂದಲೇ ಆಗಿದ್ದವು. ಹೆಚ್ಚಾಗಿ ಕಂಡ ತಪ್ಪುಗಳು ಎರಡು ಬಗೆ. ಬ್ರೇಕ್ ಜಾಸ್ತಿ ಹಿಡಿದು ಜಾರುವುದು, ಇಲ್ಲವೇ ತಿರುವಿಗೆ ವೇಗವಾಗಿ ಬಂದು ಹೊರಬದಿಗೆ ಹೋಗಿಬಿಡುವುದು. ಗೆಳೆಯರ ಬೆನ್ನು ಹತ್ತಿ ಹೋಗುವಾಗ ಆಗುವುದು ಈ ಎರಡನೆಯದೇ.

ತಿರುವಿಗೆ ಮೊದಲೇ, ಬೈಕ್ ನೇರ ಇರುವಾಗಲೇ ವೇಗ ಇಳಿಸಿ, ಗೇರ್ ಇಳಿಸಿ. ಒಳಗೆ ಹೋದ ಮೇಲೆ ಥ್ರಾಟಲ್ ಸ್ವಲ್ಪವೇ ತೆರೆದು ಹಾಗೇ ಹಿಡಿದಿರಿ. ಕಣ್ಣು ತಿರುವು ಮುಗಿಯುವ ಕಡೆಗೆ ಇರಲಿ, ಮುಂದಿನ ಬೈಕಿನ ಹಿಂದಿನ ದೀಪದ ಮೇಲೆ ಅಲ್ಲ. ಬೈಕ್ ಕಣ್ಣು ಹೋದಲ್ಲಿಗೆ ಹೋಗುತ್ತದೆ. ಜಲ್ಲಿಯನ್ನೇ ದಿಟ್ಟಿಸಿ ನೋಡಿದರೆ ಜಲ್ಲಿ ಮೇಲೆಯೇ ಹೋಗುತ್ತೀರಿ.

ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಆಗುವಂಥ ವೇಗ ಇರಬೇಕು. ತಿರುವಿನಾಚೆ ಏನು ಬೇಕಾದರೂ ಇರಬಹುದು: ಟ್ರಾಕ್ಟರ್ ಚಕ್ರದಿಂದ ಉದುರಿದ ಹಸಿ ಮಣ್ಣು, ಮರದ ನೆರಳಿನಲ್ಲಿ ಒಣಗದೆ ಉಳಿದ ಪಾಚಿ, ಮಲಗಿರುವ ನಾಯಿ. ಮಣ್ಣಿನ ರಸ್ತೆಯೊಂದು ಟಾರಿಗೆ ಬಂದು ಸೇರುವ ಜಾಗ ಕಂಡರೆ ಅಲ್ಲಿ ಜಲ್ಲಿ ಇರುತ್ತದೆ ಅಂತಲೇ ತಿಳಿದುಕೊಳ್ಳಿ.

ಓವರ್‌ಟೇಕ್ ಗುಂಪಾಗಿ ಮಾಡಬಹುದಾ?

ಬೇಡ. ಒಬ್ಬೊಬ್ಬರಾಗಿ ಮಾಡಿ. ಮುಂದಿನವರು ಹೋದರು ಅನ್ನುವುದು ನಿಮಗೆ ದಾರಿ ಖಾಲಿ ಇದೆ ಅಂತ ಅಲ್ಲ, ಅವರಿಗೆ ಖಾಲಿ ಇತ್ತು ಅಂತ ಅಷ್ಟೇ. ಹಾಗೆಯೇ "ಬಾ" ಅಂತ ಹಿಂದಿನವರಿಗೆ ಕೈ ಬೀಸುವುದನ್ನೂ ಬಿಡಿ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಇನ್ನೊಬ್ಬರ ಜೀವದ ನಿರ್ಧಾರ ನಾವು ಮಾಡಿದ ಹಾಗಾಗುತ್ತದೆ. ದಾಟಿದ ಮೇಲೆ ತಕ್ಷಣ ನಿಧಾನ ಮಾಡಬೇಡಿ, ಹಿಂದಿನವರು ಬಂದು ಸೇರಲು ಜಾಗ ಬೇಕು.

ನಾಯಿ, ದನ ಅಡ್ಡ ಬಂದರೆ?

ದನ ಸಾಮಾನ್ಯವಾಗಿ ಮುಂದಕ್ಕೇ ನಡೆಯುತ್ತದೆ, ಬಾಲದ ಕಡೆಯಿಂದ ನಿಧಾನಕ್ಕೆ ದಾಟಿ. ಒಂದು ದಾಟಿತು ಅಂದರೆ ಇನ್ನೊಂದು ಹಿಂದೆ ಇದೆ. ನಾಯಿ ಅಟ್ಟಿಸಿಕೊಂಡು ಬಂದರೆ ದೂರದಲ್ಲೇ ನಿಧಾನ ಮಾಡಿ, ಅದು ಹತ್ತಿರ ಬರುತ್ತಿದ್ದ ಹಾಗೆ ವೇಗ ಹೆಚ್ಚಿಸಿ. ಅದು ಹಾಕಿಕೊಂಡ ಲೆಕ್ಕ ತಪ್ಪುತ್ತದೆ. ಒದೆಯಲು ಕಾಲು ಚಾಚಬೇಡಿ, ಬ್ಯಾಲೆನ್ಸ್ ಹೋಗುತ್ತದೆ. ಹಾರ್ನ್ ಕುದುರೆ, ಎಮ್ಮೆಗಳನ್ನು ಬೆದರಿಸುತ್ತದೆ, ಅಲ್ಲಿ ಸುಮ್ನೆ ಕಾಯುವುದೇ ಒಳ್ಳೆಯದು.

ಹೊರಡುವ ಮೊದಲು ಬೈಕಿನಲ್ಲಿ ಏನೇನು ನೋಡಬೇಕು?

ಸರ್ವಿಸ್ ಮಾಡಿಸುವುದಾದರೆ ಹೊರಡುವ ಹಿಂದಿನ ದಿನ ಬೇಡ. ಒಂದು ವಾರ ಮೊದಲೇ ಮಾಡಿಸಿ, ನೂರು ಕಿಲೋಮೀಟರ್ ಓಡಿಸಿ ನೋಡಿ. ಬಿಗಿ ಮಾಡದೆ ಬಿಟ್ಟ ಬೋಲ್ಟ್ ಮನೆ ಹತ್ತಿರವೇ ಗೊತ್ತಾಗಲಿ.

ಟೈರಿನ ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಿ. ಲಗೇಜ್ ಇದ್ದರೆ ಹಿಂದಿನ ಚಕ್ರಕ್ಕೆ ಕೈಪಿಡಿಯಲ್ಲಿ ಬೇರೆ ಅಂಕಿ ಇರುತ್ತದೆ. ಟೈರಿನ ವಯಸ್ಸೂ ನೋಡಿ. ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ: 2321 ಅಂತಿದ್ದರೆ 2021ರ 23ನೇ ವಾರ ತಯಾರಾದದ್ದು. ನೋಡಲು ಹೊಸದಾಗಿ ಕಂಡರೂ ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಇರುವುದಿಲ್ಲ.

ಚೈನಿನ ಕೆಳಸಾಲಿನ ಮಧ್ಯದಲ್ಲಿ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ಬಹಳಷ್ಟು ರೋಡ್ ಬೈಕ್‌ಗಳಿಗೆ 25ರಿಂದ 35 ಮಿಲಿಮೀಟರ್ ಆಟ ಇರಬೇಕು, ನಿಮ್ಮ ಬೈಕಿನದ್ದು ಕೈಪಿಡಿಯಲ್ಲಿ ಇದೆ. ಚಕ್ರ ತಿರುಗಿಸುತ್ತಾ ನಾಲ್ಕಾರು ಕಡೆ ನೋಡಿ, ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಇದ್ದರೆ ಚೈನಿನ ಆಯಸ್ಸು ಮುಗಿದಿದೆ. ತೀರಾ ಬಿಗಿ ಮಾಡಬೇಡಿ. ಭಾರ ಹೇರಿ ಗುಂಡಿಗೆ ಇಳಿದಾಗ ಚೈನ್ ಇನ್ನೂ ಎಳೆದುಕೊಳ್ಳುತ್ತದೆ, ಬೇರಿಂಗ್ ಹಾಳಾಗುತ್ತದೆ. ದಾರಿಯಲ್ಲಿ ಸುಮಾರು 500 ಕಿಲೋಮೀಟರಿಗೆ ಒಮ್ಮೆ, ಮಳೆಯಲ್ಲಿ ನೆನೆದರೆ ಅದೇ ಸಂಜೆ, ಚೈನ್ ಬಿಸಿ ಇರುವಾಗಲೇ ಲೂಬ್ ಹಾಕಿ.

ಬ್ರೇಕ್ ಪ್ಯಾಡ್, ಕ್ಲಚ್ ಕೇಬಲ್, ದೀಪಗಳು, ಎಂಜಿನ್ ಆಯಿಲ್. ಇವಿಷ್ಟನ್ನು ಪ್ರತಿ ದಿನ ಬೆಳಗ್ಗೆ ಒಂದು ಸುತ್ತು ನೋಡಲು ಐದು ನಿಮಿಷ ಸಾಕು.

ಪಂಕ್ಚರ್ ಹಾಕುವುದು ನಾನೇ ಕಲಿಯಬೇಕಾ?

ಕಲಿಯಲೇಬೇಕು. ಟ್ಯೂಬ್‌ಲೆಸ್ ಆದರೆ ಹದಿನೈದು ನಿಮಿಷದ ಕೆಲಸ. ಚಕ್ರ ಬಿಚ್ಚಬೇಕಿಲ್ಲ. ಬೈಕನ್ನು ನಿಧಾನಕ್ಕೆ ತಳ್ಳುತ್ತಾ ಮೊಳೆ ಎಲ್ಲಿದೆ ನೋಡಿ, ಕಾಣದಿದ್ದರೆ ನೀರು ಹಾಕಿ, ಗುಳ್ಳೆ ಎದ್ದಲ್ಲಿ ತೂತು ಇದೆ. ಇಕ್ಕಳದಿಂದ ಮೊಳೆ ಎಳೆಯುವಾಗ ಅದು ಯಾವ ಕಡೆ ವಾಲಿಕೊಂಡು ಬರುತ್ತದೆ ಗಮನಿಸಿ, ತೂತನ್ನು ಉಜ್ಜಿ ಸರಿ ಮಾಡುವ ಸಲಾಕೆ, ಅಂದರೆ ರೀಮರನ್ನೂ ಅದೇ ವಾಟದಲ್ಲಿ ಹಾಕಬೇಕು. ರೀಮರ್ ಒಳಗೆ ಹೋಗಲು ಮೈಭಾರವನ್ನೆಲ್ಲ ಹಾಕಬೇಕಾಗುತ್ತದೆ, ಹೆದರಬೇಡಿ, ನಾಲ್ಕೈದು ಸಲ ಮೇಲೆ ಕೆಳಗೆ ಮಾಡಿದರೆ ಸಲೀಸಾಗುತ್ತದೆ. ಆಮೇಲೆ ಅಂಟು ಬಳಿದ ರಬ್ಬರ್ ಎಳೆಯನ್ನು ಸೂಜಿಗೆ ಪೋಣಿಸಿ ಒತ್ತಿ, ಎರಡೂ ತುದಿ ಒಂದು ಸೆಂಟಿಮೀಟರ್ ಹೊರಗೆ ಉಳಿದಿರುವಾಗ ನಿಲ್ಲಿಸಿ, ಸೂಜಿಯನ್ನು ಒಮ್ಮೆಲೇ ಎಳೆಯಿರಿ. ಗಾಳಿ ತುಂಬಿ, ಎಂಜಲು ಹಚ್ಚಿ ನೋಡಿ. ಗುಳ್ಳೆ ಬರದಿದ್ದರೆ ಆಯಿತು. ಇದು ಟೈರಿನ ನಡುಭಾಗಕ್ಕೆ ಮಾತ್ರ. ಟೈರಿನ ಬದಿ ಹರಿದಿದ್ದರೆ ಪ್ಲಗ್ ನಿಲ್ಲುವುದಿಲ್ಲ, ಟೈರೇ ಬದಲಿಸಬೇಕು.

ಟ್ಯೂಬ್ ಇರುವ ಟೈರ್ ಆದರೆ ಬಿಡಿ ಟ್ಯೂಬ್, ಎರಡು ಟೈರ್ ಲಿವರ್, ಆಕ್ಸಲ್ ನಟ್‌ಗೆ ಸರಿಯಾದ ಸ್ಪ್ಯಾನರ್ ಬೇಕು. ಮನೆಯಲ್ಲಿ ಒಂದು ಸಲವಾದರೂ ಚಕ್ರ ಬಿಚ್ಚಿ ಜೋಡಿಸಿ ನೋಡಿ.

ಲಗೇಜ್ ಹೇಗೆ ಕಟ್ಟಬೇಕು?

ಭಾರ ಕೆಳಗೆ, ನಡುವೆ. ಹಗುರದ್ದು ಮೇಲೆ, ಹಿಂದೆ. ಎರಡೂ ಬದಿ ಸಮತೂಕ. ಹಿಂದಿನ ಚಕ್ರದಾಚೆ ಭಾರ ತೂಗುಬಿದ್ದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೇಲಿದ ಹಾಗೆ ಆಗುತ್ತದೆ. ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ನನಗೆ ಇಷ್ಟವಿಲ್ಲ. ಅದು ಜಾರಿ ಚಕ್ರಕ್ಕೆ ಸುತ್ತಿಕೊಂಡರೆ ಚಕ್ರವೇ ಕಚ್ಚಿಕೊಳ್ಳುತ್ತದೆ. ಬಕಲ್ ಇರುವ ಪಟ್ಟಿ ಬಳಸಿ, ಉಳಿದ ತುದಿಯನ್ನು ಮಡಚಿ ಸಿಕ್ಕಿಸಿ.

ಹೆಲ್ಮೆಟ್, ಜಾಕೆಟ್ ಬಗ್ಗೆ ಏನಾದರೂ ಹೇಳಿ.

ತಲೆಗೆ ಸರಿಯಾಗಿ ಕೂರುವ ಫುಲ್ ಫೇಸ್ ಹೆಲ್ಮೆಟ್. ಪಟ್ಟಿ ಹಾಕಿ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ಒಮ್ಮೆ ಜೋರಾಗಿ ಪೆಟ್ಟು ಬಿದ್ದರೆ ಮತ್ತೆ ಬಳಸಬೇಡಿ. ಒಳಗಿನ ಥರ್ಮೋಕೋಲ್ ಅಮುಕಿ ಹೋಗಿರುತ್ತದೆ, ಹೊರಗೆ ಕಾಣುವುದಿಲ್ಲ. ಬಿದ್ದಾಗ ಮೊದಲು ನೆಲಕ್ಕೆ ಊರುವುದು ಕೈ, ಆದ್ದರಿಂದ ಗ್ಲೌಸ್ ಇಲ್ಲದೆ ಹೊರಡಬೇಡಿ. ಪಾದದ ಗಂಟು ಮುಚ್ಚುವ ಬೂಟು ಇರಲಿ. ಇಯರ್ ಪ್ಲಗ್ ಕೂಡ ಹಾಕಿ ನೋಡಿ. ಹೆದ್ದಾರಿ ವೇಗದಲ್ಲಿ ಹೆಲ್ಮೆಟ್ ಒಳಗಿನ ಗಾಳಿ ಸದ್ದು 90 ಡೆಸಿಬಲ್ ದಾಟುತ್ತದೆ. ದಿನದ ಕೊನೆಗೆ ಆಗುವ ಸುಸ್ತಿನಲ್ಲಿ ಅದರ ಪಾಲು ದೊಡ್ಡದು.

ಮಧ್ಯಾಹ್ನ ನಿದ್ದೆ ಎಳೆಯುತ್ತದೆ. ತಡೆದುಕೊಂಡು ಓಡಿಸಲಾ?

ಖಂಡಿತ ಬೇಡ. 60ರ ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ 50 ಮೀಟರ್ ಹೋಗಿರುತ್ತೀರಿ. ಹಾಡು ಹೇಳಿಕೊಳ್ಳುವುದು, ವೈಸರ್ ತೆಗೆಯುವುದು ಯಾವುದೂ ಕೆಲಸ ಮಾಡುವುದಿಲ್ಲ. ನಿಲ್ಲಿಸಿ, ನೆರಳಲ್ಲಿ ಇಪ್ಪತ್ತು ನಿಮಿಷ ಮಲಗಿ. ಮೊದಲೇ ಒಂದು ಕೈಸನ್ನೆ ಗೊತ್ತು ಮಾಡಿಕೊಳ್ಳಿ, ಅದನ್ನು ಯಾರು ತೋರಿಸಿದರೂ ಗುಂಪು ಪ್ರಶ್ನೆ ಕೇಳದೆ ನಿಲ್ಲಬೇಕು. ಕಾರಣ ಹೇಳಲು ಮುಜುಗರ ಪಟ್ಟುಕೊಂಡೇ ಜನ ಬೀಳುತ್ತಾರೆ.

ನೀರು ಕುಡಿಯುವುದೂ ಮುಖ್ಯ. ಗಾಳಿಗೆ ಬೆವರು ಆರಿಹೋಗುವುದರಿಂದ ಎಷ್ಟು ನೀರು ಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ರಾತ್ರಿ ಓಡಿಸಬಹುದಾ?

ಹಳ್ಳಿ ರಸ್ತೆಯಲ್ಲಿ ನಾವು ಓಡಿಸುವುದಿಲ್ಲ. ಡಿಮ್ ಲೈಟಿನಲ್ಲಿ ಸರಿಯಾಗಿ ಕಾಣುವುದು 50 ಮೀಟರ್ ಅಂದುಕೊಳ್ಳಿ, 80ರಲ್ಲಿ ನಿಲ್ಲಲು ಬೇಕಾದದ್ದು 60. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ತಲುಪುವ ಹಾಗೆ ಪ್ಲಾನ್ ಮಾಡಿ, ಆ ಒಂದು ಗಂಟೆ ಪಂಕ್ಚರಿಗೆ ಮೀಸಲು.

ಮಳೆ ಬಂದರೆ?

ಮೊದಲ ಹತ್ತು ಹದಿನೈದು ನಿಮಿಷ ರಸ್ತೆ ಮೇಲಿನ ಎಣ್ಣೆ, ಧೂಳು ಸೇರಿ ಸೋಪಿನ ಹಾಗಿರುತ್ತದೆ, ಆಗ ನಿಲ್ಲುವುದು ಉತ್ತಮ. ಬಿಳಿ ಬಣ್ಣದ ಪಟ್ಟೆ, ಕಬ್ಬಿಣದ ಮುಚ್ಚಳ, ರೈಲು ಹಳಿ ಮೇಲೆ ಬ್ರೇಕ್ ಬೇಡ, ಬೈಕ್ ವಾಲಿಸುವುದೂ ಬೇಡ. ಹರಿಯುವ ನೀರಿನ ಆಳ ಕಾಣದಿದ್ದರೆ ದಾಟಬೇಡಿ.

ಯಾರಾದರೂ ಬಿದ್ದರೆ ಮೊದಲು ಏನು ಮಾಡಬೇಕು?

ಎಲ್ಲರೂ ಓಡಿ ಹೋಗಬೇಡಿ. ಒಬ್ಬರು ಹಿಂದಕ್ಕೆ, ಇನ್ನೊಬ್ಬರು ಮುಂದಕ್ಕೆ ಹೋಗಿ ಬರುವ ವಾಹನಗಳನ್ನು ನಿಧಾನ ಮಾಡಿಸಲಿ. ಇದು ತಿರುವಿನಲ್ಲಿ ಇನ್ನೂ ಮುಖ್ಯ. ಬೈಕಿನ ಎಂಜಿನ್ ಆಫ್ ಮಾಡಿ. ಬಿದ್ದವರು ಉಸಿರಾಡುತ್ತಿದ್ದರೆ ಹೆಲ್ಮೆಟ್ ತೆಗೆಯಬೇಡಿ, ಎಬ್ಬಿಸಿ ಕೂರಿಸಬೇಡಿ. ಕುತ್ತಿಗೆಗೆ ಏಟಾಗಿರಬಹುದು. ವೈಸರ್ ತೆಗೆದು ಮಾತಾಡಿಸುತ್ತಿರಿ. ಉಸಿರಾಟ ಇಲ್ಲದಿದ್ದರೆ ಮಾತ್ರ, ಒಬ್ಬರು ತಲೆ ಕುತ್ತಿಗೆ ಅಲ್ಲಾಡದ ಹಾಗೆ ಹಿಡಿದು, ಇನ್ನೊಬ್ಬರು ಹೆಲ್ಮೆಟ್ ತೆಗೆಯಬೇಕು. ಅನೇಕ ದೇಶಗಳಲ್ಲಿ 112 ತುರ್ತು ಸಂಖ್ಯೆ. ಕರೆ ಮಾಡುವ ಮೊದಲು ಮ್ಯಾಪಿನಲ್ಲಿ ಜಾಗ ನೋಡಿಕೊಳ್ಳಿ. ಪ್ರತಿಯೊಬ್ಬರ ರಕ್ತದ ಗುಂಪು, ಅಲರ್ಜಿ, ಮನೆಯವರ ನಂಬರ್ ಒಂದು ಚೀಟಿಯಲ್ಲಿ ಬರೆದು ಜಾಕೆಟಿನ ಒಂದೇ ಜೇಬಿನಲ್ಲಿ, ಎಲ್ಲರೂ ಅದೇ ಜೇಬಿನಲ್ಲಿ ಇಟ್ಟುಕೊಳ್ಳಿ.

ಖರ್ಚು ಹೇಗೆ ಹಂಚಿಕೊಳ್ಳುವುದು?

ಪೆಟ್ರೋಲ್ ಅವರವರದ್ದು. ಉಳಿದದ್ದಕ್ಕೆ ಮೊದಲ ದಿನವೇ ಒಬ್ಬರ ಹತ್ತಿರ ಸಮ ಸಮ ದುಡ್ಡು ಕೊಟ್ಟುಬಿಡಿ.

ಇಂಟರ್‌ಕಾಮ್ ಬೇಕೇ ಬೇಕಾ?

ಹೆಲ್ಮೆಟ್‌ಗೆ ಸಿಕ್ಕಿಸಿಕೊಂಡು ಓಡಿಸುತ್ತಲೇ ಮಾತಾಡುವ ಈ ಸಾಧನ ಇದ್ದರೆ ಒಳ್ಳೆಯದು, ಲೀಡ್ ಮತ್ತು ಸ್ವೀಪ್ ನಡುವೆ. ಎಲ್ಲರಿಗೂ ಬೇಕಿಲ್ಲ, ಸನ್ನೆ ಸಾಕು. ಗುಂಡಿ ಇದ್ದರೆ ಆ ಬದಿಯ ಕಾಲು ಚಾಚುವುದು, ಪೆಟ್ರೋಲಿಗೆ ಟ್ಯಾಂಕ್ ತೋರಿಸುವುದು, ನಿಧಾನ ಮಾಡಿ ಅನ್ನಲು ಅಂಗೈ ಕೆಳಗೆ ಮಾಡುವುದು. ಇಷ್ಟರಲ್ಲೇ ಸಾವಿರಾರು ಕಿಲೋಮೀಟರ್ ಹೋಗಿದ್ದೇವೆ.

ನಾನು ಎಲ್ಲರಿಗಿಂತ ನಿಧಾನ. ಗುಂಪಿಗೆ ಭಾರ ಆಗ್ತೀನಿ ಅನಿಸುತ್ತದೆ.

ಇದನ್ನು ಎಲ್ಲರ ಮುಂದೆ ಯಾರೂ ಕೇಳುವುದಿಲ್ಲ, ಹೊರಡುವ ಹಿಂದಿನ ರಾತ್ರಿ ಒಬ್ಬರಿಗೇ ಫೋನ್ ಮಾಡಿ ಕೇಳುತ್ತಾರೆ. ಭಾರ ಆಗುವುದಿಲ್ಲ. ನಿಧಾನದವರು ಎಲ್ಲಿದ್ದಾರೆ ಅಂತ ಗೊತ್ತಿರುತ್ತದೆ, ಅವರಿಗಾಗಿ ಕಾಯಬಹುದು. ತನ್ನ ಕೈಮೀರಿದ ವೇಗದಲ್ಲಿ ಬರುವವರಿಗೆ ಕಾಯಲು ಆಗುವುದಿಲ್ಲ, ಅವರು ಯಾವ ತಿರುವಿನಲ್ಲಿ ಏನಾಗುತ್ತಾರೋ ಅಂತ ಎದೆ ಹಿಡಿದುಕೊಂಡೇ ಓಡಿಸಬೇಕು. ನಿಮ್ಮ ವೇಗ ಎಷ್ಟು ಅಂತ ಬೆಳಗ್ಗೆಯೇ ಲೀಡ್‌ಗೆ ಹೇಳಿಬಿಡಿ.

ಕಾಯುವುದು ಬೇಸರ ಅಂತಲೂ ಅಂದುಕೊಳ್ಳಬೇಡಿ. ಕವಲಿನಲ್ಲಿ ಎಂಜಿನ್ ಆಫ್ ಮಾಡಿ ನಿಂತಾಗ ಮೊದಲು ಸೈಲೆನ್ಸರ್ ತಣ್ಣಗಾಗುವ ಟಿಕ್ ಟಿಕ್ ಸದ್ದು ಕೇಳಿಸುತ್ತದೆ, ಆಮೇಲೆ ಹಕ್ಕಿ, ಆಮೇಲೆ ಎಲ್ಲೋ ದೂರದಲ್ಲಿ ಹರಿಯುವ ನೀರು. ಇಡೀ ದಿನ ಹೆಲ್ಮೆಟ್ ಒಳಗೆ ಕೇಳಿಸದೇ ಇದ್ದದ್ದೆಲ್ಲ. ಸ್ವಲ್ಪ ಹೊತ್ತಿಗೆ ಗುಡ್ಡದ ಆಚೆಯಿಂದ ಪರಿಚಯದ ಎಂಜಿನ್ ಸದ್ದು, ಗೇರ್ ಇಳಿಸಿದ್ದು, ಮತ್ತೆ ಏರಿಸಿದ್ದು. ನಮ್ಮ ಮೋರಿ ಕಟ್ಟೆಯ ಗೆಳೆಯನ ಬೈಕನ್ನು ನಾನು ಈಗ ಅರ್ಧ ಕಿಲೋಮೀಟರ್ ದೂರದಿಂದಲೇ ಗುರುತು ಹಿಡಿಯುತ್ತೇನೆ. ತಿರುವಿನಲ್ಲಿ ಅವನ ಲೈಟ್ ಕಂಡ ಮೇಲೆ ಕೈ ಎತ್ತುತ್ತೇನೆ, ಅವನೂ ಎತ್ತುತ್ತಾನೆ, ಆಮೇಲೆ ಗ್ಲೌಸ್ ಹಾಕಿಕೊಳ್ಳುತ್ತೇನೆ.